ಆಫ್ ಅಂದರೆ ಆಫ್

ನನ್ನ ಗಂಡನಿಗೆ ಸೋಡಾ ಕಾರ್ಖಾನೆಯಲ್ಲಿ ಡಿಕ್ಷನರಿ ಎಂದು ಹೆಸರು. ಅರ್ಧ ಜನ ಹೊಗಳಿ ಕರೆಯುತ್ತಿದ್ದರು, ಅರ್ಧ ಜನ ಆಡಿಕೊಂಡು ಕರೆಯುತ್ತಿದ್ದರು, ಇವರಿಗೆ ಎರಡೂ ಒಂದೇ. ಕರೆದರೆ ಸಾಕು, ಎದೆ ಒಂದು ಗೇಣು ಉಬ್ಬುತ್ತಿತ್ತು. ಗ್ಯಾಸ್ ಸಿಲಿಂಡರು ಒಳಗೆ ಬಂದದ್ದು, ಹೊರಗೆ ಹೋದದ್ದು ನೋಡಿಕೊಳ್ಳುವ ಸ್ಟೋರ್ ಕೀಪರ್ ಕೆಲಸಕ್ಕೆ ಇಂಗ್ಲಿಷ್ ಎಷ್ಟು ಬೇಕು ಹೇಳಿ. ಫುಲ್, ಎಂಪ್ಟಿ, ಮುಗಿಯಿತು. ಆದರೆ ಇವರು ಹಳೇ ಪುಸ್ತಕದ ಅಂಗಡಿಯಿಂದ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ನಿಘಂಟೊಂದನ್ನು ಹೊತ್ತು ತಂದು, ಊಟಕ್ಕೆ ಕೂತ ತಕ್ಷಣ ಪಾಠ ಶುರು ಮಾಡುತ್ತಿದ್ದರು. ತಟ್ಟೆಯಲ್ಲಿದ್ದದ್ದು ತಣ್ಣಗಾದರೂ ಚಿಂತೆಯಿಲ್ಲ, ಕ್ರಿಯಾಪದ ಮಾತ್ರ ಬಿಸಿಯಾಗಿರಬೇಕು.

"ಇಂಗ್ಲಿಷ್ ಕ್ರಿಯಾಪದ ಅಂದ್ರೆ ಕೋತಿ ಇದ್ದಂಗೆ," ಎನ್ನುತ್ತಿದ್ದರು. "ಆಟ ಎಲ್ಲ ಬಾಲದಲ್ಲಿ. ಪುಟ್ ಅಂದ್ರೆ ಇಡು. ಅದಕ್ಕೆ ಆನ್ ಅಂತ ಬಾಲ ಕಟ್ಟಿದ್ರೆ ತೊಟ್ಕೋ. ಔಟ್ ಅಂತ ಕಟ್ಟಿದ್ರೆ ದೀಪ ಆರಿಸು. ಅಪ್ ವಿತ್ ಅಂತ ಎರಡು ಬಾಲ ಕಟ್ಟಿದ್ರೆ ಸಹಿಸ್ಕೋ."

"ಅಂದ್ರೆ ಭಾವ, ನೀವು ಅಕ್ಕನ್ನ ಪುಟ್ ಅಪ್ ವಿತ್ ಮಾಡ್ತಿದ್ದೀರಿ," ಎಂದು ನನ್ನ ತಮ್ಮ ಬಾಯಿ ಹಾಕುತ್ತಿದ್ದ.

"ಅವಳನ್ನ ಕೇಳು, ಯಾರು ಯಾರನ್ನ ಅಂತ," ಎಂದು ಇವರೂ ನಗುತ್ತಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಒಂದು ದಿನ ಕಾಯಿಸಲು ಇಟ್ಟ ಹಾಲು ಒಡೆದು, ಯಾರ ಮೇಲೆ ರೇಗಲಿ ಎಂದು ನೋಡುತ್ತಿದ್ದಾಗ ಇವರು ಪಾತ್ರೆಯೊಳಗೆ ಇಣುಕಿ, "ದಿ ಮಿಲ್ಕ್ ಹ್ಯಾಸ್ ಗಾನ್ ಆಫ್," ಎಂದರು. ಗೋ ಅಂದರೆ ಹೋಗು, ಆಫ್ ಎಂಬ ಬಾಲ ಕಟ್ಟಿದರೆ ಕೆಟ್ಟು ಹೋಗು ಎಂದು ವಿವರಣೆ ಬೇರೆ. "ಕೆಟ್ಟಿರೋದು ಹಾಲಲ್ಲ, ನಿಮ್ಮ ತಲೆ," ಎಂದೆ. ತಮ್ಮ ಬಿದ್ದು ಬಿದ್ದು ನಕ್ಕ. ಆ ನಗು ಈಗಲೂ ನನ್ನ ಅಡುಗೆಮನೆಯಲ್ಲಿ ಒಂದು ಮೂಲೆಯಲ್ಲಿದೆ.

ತಮ್ಮನೂ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಅಪ್ಪ ಹೋದ ಮೇಲೆ ಅಮ್ಮ, ತಮ್ಮ ಇಬ್ಬರೂ ನಮ್ಮ ಜೊತೆಗೇ ಇದ್ದರು. ನಮ್ಮ ಮನೆ ಕಾರ್ಖಾನೆಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತ ಸಾಲಿನಲ್ಲಿದೆ. ಹಿತ್ತಲಲ್ಲಿ ಕೂತರೆ ಆಚೆ ಬಾಟಲಿಗಳು ಒಂದಕ್ಕೊಂದು ತಾಗುವ ಸದ್ದು ದಿನವಿಡೀ ಕೇಳುತ್ತದೆ. ತಮ್ಮ ತರಬೇತಿ ಶಾಲೆ ಮುಗಿಸಿದ ದಿನ ಅಮ್ಮ ಆ ಇಡೀ ಸಾಲಿಗೆ ಕೇಳುವ ಹಾಗೆ, "ನಮ್ಮ ಮರಿ ಪಾಸ್ ಔಟ್ ಆದ," ಎಂದು ಸಾರಿದ್ದಳು. ಅಮ್ಮನಿಗೆ ಬರುತ್ತಿದ್ದ ಇಂಗ್ಲಿಷ್ ಅದೊಂದೇ.

ಅವನು ಸತ್ತ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ನೆಲಮಾಳಿಗೆಯ ಕೆಲಸ ಸಾಕಾಗಿದೆ, ಬಿಟ್ಟುಬಿಡುತ್ತೇನೆ ಎಂದು ತಮ್ಮ ಹೇಳಿದ. ಸೋಡಾಕ್ಕೆ ಗುಳ್ಳೆ ಬರಿಸುವ ಗ್ಯಾಸಿನ ಟ್ಯಾಂಕು ಇರುವುದು ಆ ನೆಲಮಾಳಿಗೆಯಲ್ಲಿ. ಆ ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸೋರಿದರೆ ಗುಂಡಿಯಲ್ಲಿ ನೀರು ನಿಂತ ಹಾಗೆ ಕೆಳಗೇ ನಿಲ್ಲುತ್ತದೆ. ಇಳಿದವನಿಗೆ ಏನೂ ತಿಳಿಯುವುದಿಲ್ಲ, ಕಾಲು ಕುಸಿಯುತ್ತದೆ, ಅಷ್ಟೇ. ಇದೆಲ್ಲ ಅಮ್ಮನಿಗೆ ಎಲ್ಲಿ ಗೊತ್ತು? "ಕೈಲಿರೋ ಕೆಲ್ಸ ಬಿಟ್ಟು ಏನ್ ಮಾಡ್ತೀಯ, ಮನೇಲಿ ಕೂತು ಗೋಡೆ ನೋಡ್ತೀಯ? ಎಲ್ಲಾದ್ರೂ ಹೋಗಿ ಸಾಯಿ," ಎಂದು ಬೈದಳು. ನಮ್ಮಲ್ಲಿ ಹಾಗೆ ಬೈಯದ ತಾಯಿ ಯಾರಿದ್ದಾಳೆ? ಹಾಳಾಗಿ ಹೋಗು, ಹೋಗಿ ಸಾಯಿ ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಾರೆ, ಹತ್ತು ಸಲವೂ ಅದರ ಅರ್ಥ ಬೇಗ ಮನೆಗೆ ಬಾ ಎಂದೇ. ತಮ್ಮನಿಗೂ ಅದು ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತ, "ಆಯ್ತಮ್ಮ, ಸತ್ತು ಮಧ್ಯಾಹ್ನ ಊಟಕ್ಕೆ ಬರ್ತೀನಿ," ಎಂದು ನಕ್ಕು ಹೋದ.

ಊಟಕ್ಕೆ ಬರಲಿಲ್ಲ.

ಅಂದು ನಡೆದದ್ದನ್ನು ಇವರೇ ಸಂಜೆ ಗೋಡೆಗೆ ತಲೆಯಿಟ್ಟು ನನಗೆ ಹೇಳಿದರು. ನೆಲಮಾಳಿಗೆಯ ಮೆಟ್ಟಿಲ ಬಾಯಲ್ಲಿ ಒಂದು ಅಲಾರಂ ಪೆಟ್ಟಿಗೆಯಿದೆ. ಸದಾ ಹಸಿರು ದೀಪ ಉರಿಯುತ್ತಿರುತ್ತದೆ. ಕೆಳಗೆ ಗ್ಯಾಸ್ ತುಂಬಿದರೆ ಗಂಟೆ ಹೊಡೆಯಬೇಕು. ಅದನ್ನು ಕೂರಿಸಿದಾಗಿನಿಂದ ಒಮ್ಮೆಯೂ ಹೊಡೆದಿರಲಿಲ್ಲ. ಆ ಬೆಳಿಗ್ಗೆ ಹಸಿರು ದೀಪ ಆರಿತ್ತು. ಇವರು ಹೋಗಿ ಮ್ಯಾನೇಜರಿಗೆ ಹೇಳಿದರು. "ನೋಡ್ಸೋಣ. ಇವತ್ತು ಲೋಡ್ ಹೋಗ್ಬೇಕು, ಕೆಲ್ಸ ನಿಲ್ಲಿಸ್ಬೇಡಿ," ಎಂದ ಮ್ಯಾನೇಜರ್. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಪೈಪಿನ ಜೋಡಣೆ ಬಿಗಿ ಮಾಡಿ ಬಾ ಎಂದು ಮ್ಯಾನೇಜರ್ ತಮ್ಮನನ್ನು ಕಳಿಸಿದ. "ಭಾವ, ದೀಪ ಇಲ್ವಲ್ಲ," ಎಂದನಂತೆ. "ಬೇಗ ಇಳಿದು ಬೇಗ ಹತ್ತು," ಎಂದರಂತೆ ಇವರು. ಇಳಿದವನನ್ನು ಹಗ್ಗ ಹಾಕಿ ಎಳೆದು ತಂದರು.

ಹಾಗಾಗಿ ಅಲಾರಂ ಕೆಟ್ಟಿತ್ತು ಎಂಬುದು ನನಗೆ ಮೊದಲ ದಿನದಿಂದ ಗೊತ್ತು. ವಿಚಾರಣೆ ನಡೆಯಲಿ, ಎಲ್ಲ ಬಯಲಿಗೆ ಬರುತ್ತದೆ ಎಂದು ಹಲ್ಲು ಕಚ್ಚಿಕೊಂಡು ಕಾದೆ.

ವಿಚಾರಣೆಗೆ ಹೊರಗಿನ ಅಧಿಕಾರಿಯೊಬ್ಬ ಬಂದ. ನಮ್ಮ ಭಾಷೆ ಒಂದಕ್ಷರ ಬರುವುದಿಲ್ಲ. ಮ್ಯಾನೇಜರನ ಕೋಣೆಯಲ್ಲೇ ಕುರ್ಚಿ ಹಾಕಿ ಕೂತ. ಪ್ರತಿಯೊಬ್ಬರ ಮಾತನ್ನೂ ತರ್ಜುಮೆ ಮಾಡುವುದು ಯಾಕೆ, ಇಂಗ್ಲಿಷ್ ಬಲ್ಲ ಸಾಕ್ಷಿ ಒಬ್ಬರಿದ್ದಾರಲ್ಲ ಎಂದು ಇವರನ್ನು ಕರೆದರು. ಇವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದರು. ಸತ್ತವನ ಅಕ್ಕ ಎಂದು ನನ್ನನ್ನೂ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂರಲು ಬಿಟ್ಟರು.

"ಡಿಡ್ ದಿ ಅಲಾರಂ ಗೋ ಆಫ್?" ಎಂದು ಅಧಿಕಾರಿ ಕೇಳಿದ.

"ಯೆಸ್ ಸರ್," ಎಂದರು ಇವರು ಬೆನ್ನು ನೆಟ್ಟಗೆ ಮಾಡಿಕೊಂಡು. "ಇಟ್ ವೆಂಟ್ ಆಫ್."

ಅಷ್ಟು ನನಗೂ ಅರ್ಥವಾಯಿತು. ಫ್ಯಾನ್ ಆಫ್, ಲೈಟ್ ಆಫ್, ಒಲೆ ಆಫ್. ಆಫ್ ಅಂದರೆ ಆಫ್, ಅದಕ್ಕೆ ಯಾವ ಶಾಲೆಗೆ ಹೋಗಬೇಕು? ಅಲಾರಂ ಆಫ್ ಆಗಿತ್ತೇ ಎಂದು ಅವನು ಕೇಳಿದ, ಆಗಿತ್ತು ಎಂದು ಇವರು ಹೇಳಿದರು. ಸದ್ಯ, ಸತ್ಯ ಹೊರಗೆ ಬಿತ್ತು ಎಂದು ನಾನು ಉಸಿರು ಬಿಟ್ಟೆ.

ಮುಂದಿನ ಪ್ರಶ್ನೆಗಳ ಅರ್ಥ ಇವರು ನನಗೆ ಆಮೇಲೆ ಹೇಳಿದರು. ಯಾವಾಗ ಎಂದು ಅವನು ಕೇಳಿದ. "ಮಾರ್ನಿಂಗ್ ಇಟ್‌ಸೆಲ್ಫ್, ಸರ್." ಬೇರೆಯವರಿಗೆ ಗೊತ್ತಿತ್ತೇ ಎಂದ. "ಐ ಟೋಲ್ಡ್ ಮ್ಯಾನೇಜರ್ ಸರ್ ಆಲ್ಸೋ." ಹುಡುಗನಿಗೆ ಗೊತ್ತಿತ್ತೇ ಎಂದ. "ಯೆಸ್ ಸರ್. ಹೀ ನ್ಯೂ ವೆರಿ ವೆಲ್." ಆದರೂ ಇಳಿದನೇ ಎಂದ. "ಯೆಸ್ ಸರ್. ಸ್ಟಿಲ್ ಹೀ ವೆಂಟ್ ಡೌನ್."

ಅಧಿಕಾರಿ ತಲೆ ಅಲ್ಲಾಡಿಸಿದ. ಅಲ್ಲಿಯವರೆಗೆ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ ಮ್ಯಾನೇಜರ್ ಕೈ ನಿಲ್ಲಿಸಿ ಇವರ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದ. ತಪ್ಪು ಸಿಕ್ಕಿಬಿದ್ದಿತಲ್ಲ, ಎಲ್ಲಿಗೆ ಮುಖ ಇಟ್ಟುಕೊಳ್ಳುತ್ತಾನೆ ಪಾಪಿ ಎಂದುಕೊಂಡೆ ನಾನು.

ಎದ್ದು ಹೋಗುವ ಮುಂಚೆ ಅಧಿಕಾರಿ ಇನ್ನೇನೋ ಹೇಳಿದ, ಅದರಲ್ಲಿ ಪಾಸ್ಡ್ ಔಟ್ ಎಂಬ ಮಾತು ನನ್ನ ಕಿವಿಗೆ ಬಿತ್ತು. ಇವನಿಗೆ ನನ್ನ ತಮ್ಮನ ಓದಿನ ಸುದ್ದಿ ಯಾಕೆ ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಓದಲ್ಲ ಕಣೆ. ಪ್ರಜ್ಞೆ ತಪ್ಪೋದಕ್ಕೂ ಅವರಲ್ಲಿ ಹಾಗೇ ಅಂತಾರೆ. ತಕ್ಷಣ ಪ್ರಜ್ಞೆ ತಪ್ಪಿರ್ಬೇಕು, ನೋವಾಗಿರಲ್ಲ ಅಂದ್ರು."

ಒಂದೇ ಮಾತಿಗೆ ಇಷ್ಟು ದೂರದ ಅರ್ಥಗಳನ್ನು ಇಟ್ಟುಕೊಂಡು ಆ ಜನ ಹೇಗೆ ಬದುಕುತ್ತಾರೋ ಎನ್ನಿಸಿತು. ಆದರೆ ಇವರಿಗೆ ಅದು ಗೊತ್ತಿತ್ತಲ್ಲ, ನಮ್ಮ ಪಾಲಿಗೆ ಇಂಗ್ಲಿಷ್ ಬಲ್ಲವರೊಬ್ಬರು ಇದ್ದರಲ್ಲ ಎಂದು ಆ ದಿನ ಮೊದಲ ಸಲ ಇವರ ಪುಸ್ತಕದ ಮೇಲೆ ಗೌರವ ಬಂತು.

ತೀರ್ಮಾನ ಬಂದಾಗ ಅದನ್ನು ಕಾರ್ಖಾನೆಯ ಗೇಟಿನಲ್ಲಿ ನಮ್ಮ ಭಾಷೆಯಲ್ಲೇ ಓದಿ ಹೇಳಿದರು. ಬೆಳಿಗ್ಗೆಯಿಂದ ಅಪಾಯದ ಗಂಟೆ ಹೊಡೆಯುತ್ತಿದ್ದರೂ, ಅದು ಚೆನ್ನಾಗಿ ಗೊತ್ತಿದ್ದರೂ, ಫಿಟ್ಟರ್ ತಾನಾಗಿ ಕೆಳಗೆ ಇಳಿದ. ಕಾರ್ಖಾನೆಯ ತಪ್ಪಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. "ನೀವು ಆಫ್ ಅಂತ ತಾನೆ ಹೇಳಿದ್ದು? ನಾನೇ ಕೇಳಿಸ್ಕೊಂಡೆ," ಎಂದು ಇವರನ್ನು ಹಿಡಿದು ಕೇಳಿದೆ. ಇವರು ಮೊದಲು ಬೆಪ್ಪಾಗಿ ನಿಂತರು. "ಹೇಳಿದೆ. ಹಾಗೇ ಹೇಳಿದೆ," ಎಂದರು. ಮಾರನೆಯ ದಿನ ಮತ್ತೆ ಕೇಳಿದಾಗ ನನ್ನ ಕಣ್ಣು ತಪ್ಪಿಸಿ, "ತಿರುಚಿಬಿಟ್ರು ಕಣೆ. ದೊಡ್ಡವರ ಹತ್ರ ಏನು ಮಾಡಕ್ಕಾಗುತ್ತೆ," ಎಂದರು. ಹೋಗಿ ಕೇಳಿ ಎಂದೆ. ಹೋಗಲಿಲ್ಲ. ಗಂಡಸಲ್ಲವೇ ನೀವು ಎಂದೂ ಕೇಳಿದೆ. ಊಟದ ಹೊತ್ತಿನ ಪಾಠ ನಿಂತಿತು, ಪುಸ್ತಕ ಅಟ್ಟ ಸೇರಿತು. ಬಾಮೈದ ಹೋದ ದುಃಖ ಎಂದುಕೊಂಡೆ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಗಂಟೆ ಹೊಡೆಯುತ್ತಿರುವಾಗ ಬುದ್ಧಿ ಇರುವವನು ಇಳಿಯುತ್ತಾನೆಯೇ ಎಂದು ಒಬ್ಬರು. ಸಾಯಬೇಕು ಅಂತಲೇ ಇಳಿದಿದ್ದಾನೆ ಎಂದು ಇನ್ನೊಬ್ಬರು. ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತಂತೆ ಎಂದು ಪಕ್ಕದ ಮನೆಯವಳು. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಯಾವ ಜಗಳ ಒಳಗೆ ಉಳಿಯುತ್ತದೆ? ಈ ಮಾತು ನಲ್ಲಿಯ ಹತ್ತಿರ ಅಮ್ಮನ ಕಿವಿಗೆ ಬಿತ್ತು.

ಅಮ್ಮ ಅಂದಿನಿಂದ ಅಳುವುದನ್ನೇ ಬಿಟ್ಟಳು. ಹಿತ್ತಲ ಮೆಟ್ಟಿಲ ಮೇಲೆ ಕಾರ್ಖಾನೆಯ ಗೋಡೆ ನೋಡುತ್ತ ಕೂರುತ್ತಿದ್ದಳು. ಒಂದು ತುತ್ತು ಬಾಯಿಗಿಟ್ಟರೆ ಇನ್ನೊಂದು ತಟ್ಟೆಯಲ್ಲೇ. "ಹೋಗಿ ಸಾಯಿ ಅಂದೆ. ಹೋದ. ನನ್ನ ಮಾತು ಯಾವತ್ತೂ ಕೇಳದೋನು ಅದೊಂದು ಮಾತು ಕೇಳಿದ," ಎನ್ನುತ್ತಿದ್ದಳು.

"ಅಲಾರಂ ಕೆಟ್ಟಿತ್ತಮ್ಮ. ಗಂಟೆ ಹೊಡೀಲೇ ಇಲ್ಲ," ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

"ನೀನು ಅಕ್ಕ, ಅವನ ಪರ ಹೇಳ್ತೀಯ. ಹೊಡೀತು ಅಂತ ಅಳಿಯಂದ್ರೇ ಸಾಕ್ಷಿ ಹೇಳಿದ್ದಾರಂತಲ್ಲ, ಇಂಗ್ಲಿಷ್‌ನಲ್ಲಿ. ಅವರೇನು ಸುಳ್ಳು ಹೇಳ್ತಾರಾ?"

ಹಾಗಾದರೆ ಗಂಟೆಯ ಸದ್ದು ಹಿತ್ತಲಿಗೆ ಕೇಳಬೇಕಿತ್ತಲ್ಲ ಎಂದು ನನಗೂ ಹೊಳೆಯಲಿಲ್ಲ, ಅಮ್ಮನಿಗೂ ಹೊಳೆಯಲಿಲ್ಲ. ನೆಲಮಾಳಿಗೆಯ ಗಂಟೆ, ಶಾಲೆಯ ಗಂಟೆಯಷ್ಟು ಇರುತ್ತದೆ, ಮೇಲೆ ಯಾರಿಗೆ ಕೇಳುತ್ತದೆ ಎಂದು ನಾವು ಅಂದುಕೊಂಡಿದ್ದೆವು. ಅದರ ಸದ್ದು ಕೇಳಿದವರೇ ಯಾರೂ ಇರಲಿಲ್ಲ.

ನನ್ನ ಕೆಲಸ ಊರಿನ ಆ ತುದಿಯ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಬೆಡ್‌ಶೀಟುಗಳನ್ನು ಬಿಸಿ ಉರುಳೆಯ ಯಂತ್ರಕ್ಕೆ ಕೊಡುವುದು, ಆಚೆ ಬಂದದ್ದನ್ನು ಮಡಿಸುವುದು. ಅಲ್ಲಿಯ ಮೇಲ್ವಿಚಾರಕಿ ಬೇರೆ ಕಡೆಯವಳು, ಇಂಗ್ಲಿಷ್ ಬಿಟ್ಟು ಬೇರೆ ಆಡುವುದಿಲ್ಲ. ನಾವು ಕೈಸನ್ನೆಯಲ್ಲಿ ಸಂಸಾರ ಮಾಡುತ್ತೇವೆ. ಒಂದು ದಿನ ಕೆಲಸದ ನಡುವೆ, ಬಟ್ಟೆ ಒಣಗಿಸುವ ಯಂತ್ರದಿಂದ ಹೊಗೆ ಎದ್ದು, ಗೋಡೆಯ ಮೇಲಿನ ಬೆಂಕಿಯ ಗಂಟೆ ಕಿವಿ ಹರಿಯುವ ಹಾಗೆ ಹೊಡೆದುಕೊಳ್ಳತೊಡಗಿತು. ಮೇಲ್ವಿಚಾರಕಿ ಒಳಗಿನಿಂದ ಓಡಿ ಬಂದಳು. ನಮ್ಮನ್ನೆಲ್ಲ ಬಾಗಿಲ ಕಡೆ ತಳ್ಳುತ್ತ, "ದಿ ಅಲಾರಂ ಹ್ಯಾಸ್ ಗಾನ್ ಆಫ್, ಗೆಟ್ ಔಟ್, ಗೆಟ್ ಔಟ್," ಎಂದು ಕೂಗಿದಳು.

ನಾನು ಅರ್ಧ ಮಡಿಸಿದ ಬೆಡ್‌ಶೀಟು ಹಿಡಿದು ಅಂಗಳಕ್ಕೆ ಬಂದೆ. ಗಂಟೆ ಹೊಡೆಯುತ್ತಲೇ ಇತ್ತು. ಇದು ಆಫ್ ಆಗಿದೆ ಎನ್ನುತ್ತಾಳಲ್ಲ, ಇವಳ ಕಿವಿಗೇನಾಗಿದೆ ಎಂದು ನನ್ನಷ್ಟಕ್ಕೆ ಬೈದುಕೊಂಡೆ. ಆಮೇಲೆ ಕೈಯಲ್ಲಿದ್ದ ಬೆಡ್‌ಶೀಟು ಜಾರಿ ಬಿತ್ತು.

ಹತ್ತಿರ ಹೋಗಿ ಅವಳ ತೋಳು ಹಿಡಿದೆ. ಗಂಟೆಯ ಕಡೆ ಕೈ ತೋರಿಸಿ, "ಆಫ್?" ಎಂದೆ. "ಯೆಸ್, ಯೆಸ್, ಗಾನ್ ಆಫ್," ಎಂದಳು. ಕೈಯಿಂದ ಗಂಟೆ ಬಾರಿಸುವ ಹಾಗೆ ಸನ್ನೆ ಮಾಡಿ, "ಟಣ್ ಟಣ್, ಆಫ್?" ಎಂದೆ. ಹೆದರಿದ್ದಾಳೆ ಪಾಪ ಎಂದುಕೊಂಡಳೋ ಏನೋ, ನನ್ನ ಬೆನ್ನು ಸವರಿ ಹೂಂ ಎಂದು ತಲೆ ಆಡಿಸಿದಳು.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಇವರು ಸಂಜೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಕೇಳಿದೆ. "ಗಂಟೆ ಹೊಡೆದ್ರೆ ಇಂಗ್ಲಿಷ್‌ನಲ್ಲಿ ಏನಂತಾರೆ?"

ಒಂದು ಕಾಲಿನ ಚಪ್ಪಲಿ ಕಾಲಲ್ಲೇ ಉಳಿಯಿತು. "ಯಾರು ಹೇಳಿದ್ರು ನಿಂಗೆ?" ಎಂದರು.

ಯಾರು ಹೇಳಿದರು ಎಂದು ಕೇಳಿದರೇ ಹೊರತು ಏನು ಎಂದು ಕೇಳಲಿಲ್ಲ. ಅಲ್ಲಿಗೆ ನನಗೆ ಎಲ್ಲ ಗೊತ್ತಾಯಿತು.

"ನಿಮಗೆ ಯಾವಾಗ ಗೊತ್ತಾಯ್ತು?"

"ತೀರ್ಮಾನ ಓದಿದ್ರಲ್ಲ, ಆವತ್ತೇ ಪುಸ್ತಕ ತೆಗೆದು ನೋಡ್ದೆ." ಹೊಸ್ತಿಲ ಮೇಲೆ ಕುಸಿದು ಕೂತರು. "ಹಾಲು ಗೋ ಆಫ್ ಅಂದ್ರೆ ಕೆಟ್ಟುಹೋಯ್ತು. ಅಲಾರಂ ಗೋ ಆಫ್ ಅಂದ್ರೆ ಹೊಡ್ಕೊಳ್ತು. ಒಂದೇ ಬಾಲ ಕಣೆ. ಅದೇ ಬಾಲ. ಹಾಲಿನ ಅರ್ಥ ಕಲಿತಿದ್ದೆ, ಅದರ ಕೆಳಗೇ ಇತ್ತು ಇನ್ನೊಂದು, ಓದಿರ್ಲಿಲ್ಲ."

"ಅದನ್ನ ಹೋಗಿ ಹೇಳೋದಕ್ಕೇನಾಗಿತ್ತು?"

"ಡಿಕ್ಷನರಿಗೆ ಇಂಗ್ಲಿಷ್ ಬರಲ್ಲ ಅಂತ ಇಡೀ ಕಾರ್ಖಾನೆ ನಗುತ್ತೆ ಅಂತ." ಮುಖ ಎತ್ತದೆ ಹೇಳಿದರು.

"ನಿಮ್ಮ ಮರ್ಯಾದೆಗೆ ಬೆಂಕಿ ಬೀಳ," ಎಂದೆ. "ಅಲ್ಲಿ ಹಿತ್ತಲಲ್ಲಿ ಒಬ್ಳು ಮಗನ್ನ ನಾನೇ ಕೊಂದೆ ಅಂತ ಕೂತಿದ್ದಾಳೆ. ನಿಮ್ಮ ಎದುರಿಗೇ ಕೂತಿದ್ದಾಳೆ. ನೋಡ್ಕೊಂಡು ದಿನಾ ಊಟ ಮಾಡಿದ್ರಲ್ಲ."

ಹೊಡೆಯಬೇಕು ಎನ್ನಿಸಿತು. ಅಳುತ್ತಿದ್ದರು, ಬಿಟ್ಟೆ. ಆಫ್ ಅಂದರೆ ಆಫ್ ಎಂದು ನಾನೂ ಆ ಸ್ಟೂಲಿನ ಮೇಲೆ ಕೂತು ತಲೆ ಆಡಿಸಿದವಳೇ. ಆದರೆ ಆ ಕೋಣೆಯಲ್ಲಿ ಒಬ್ಬನಿಗೆ ಆ ಮಾತಿನ ಎರಡೂ ಅರ್ಥ ಗೊತ್ತಿತ್ತು. ಪೆನ್ನಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ಇವರ ಮುಖ ನೋಡಿದ್ದನಲ್ಲ, ಅವನಿಗೆ. ದೀಪ ಆರಿದ್ದನ್ನು ಬೆಳಿಗ್ಗೆಯೇ ಕೇಳಿ ತಿಳಿದಿದ್ದವನು, ಸಾಕ್ಷಿ ತಾನಾಗಿ ತನ್ನ ಬಾಯಿಂದಲೇ ಉರುಳು ಹಾಕಿಕೊಳ್ಳುತ್ತಿದ್ದಾಗ ಕಿಟಕಿ ನೋಡಿದ.

ಅಧಿಕಾರಿ ಅಲಾರಂ ಪೆಟ್ಟಿಗೆಯನ್ನು ಕೊನೆಯ ಸಲ ಪರೀಕ್ಷಿಸಿ ಕಡತ ಮುಚ್ಚಲು ಮತ್ತೊಮ್ಮೆ ಬರುವುದಿತ್ತು. ಬಂದ ದಿನ ಇವರನ್ನು ಮುಂದೆ ಬಿಟ್ಟುಕೊಂಡು ನಾನೂ ಹೋದೆ. ಮ್ಯಾನೇಜರ್ ಬಾಗಿಲಲ್ಲೇ, "ಏನಪ್ಪಾ ಡಿಕ್ಷನರಿ, ಏನ್ ವಿಷ್ಯ?" ಎಂದ. ಇವರು ಅವನಿಗೆ ಉತ್ತರ ಕೊಡದೆ ಒಳಗೆ ಹೋಗಿ ಅಧಿಕಾರಿಯ ಎದುರು ನಿಂತರು.

"ಸರ್, ಮೈ ಮಿಸ್ಟೇಕ್. ಅಲಾರಂ ನಾಟ್ ರಿಂಗ್. ನೋ ಸೌಂಡ್. ಲೈಟ್ ಆಲ್ಸೋ ನೋ." ಬಾಲವಿಲ್ಲದ, ಮುರುಕಲು ಇಂಗ್ಲಿಷ್. ಹೆದರಿಕೆಗೆ ಇದ್ದದ್ದೂ ಮರೆತುಹೋಗಿತ್ತು.

"ಬಟ್ ಯು ಸೆಡ್ ಇಟ್ ವೆಂಟ್ ಆಫ್."

"ಐ ಥಾಟ್ ಆಫ್ ಮೀನ್ಸ್ ಆಫ್, ಸರ್."

ಅಧಿಕಾರಿ ಹುಬ್ಬು ಗಂಟಿಕ್ಕಿ ಮ್ಯಾನೇಜರನ ಕಡೆ ತಿರುಗಿದ. ಮ್ಯಾನೇಜರ್ ಮೆಲ್ಲಗೆ, ಮರುಕದ ದನಿಯಲ್ಲಿ, ಉದ್ದಕ್ಕೂ ಇಂಗ್ಲಿಷ್‌ನಲ್ಲಿ ಮಾತಾಡಿದ. ಅವನು ಹೇಳಿದ್ದನ್ನು ಇವರು ಆಮೇಲೆ ನನಗೆ ತಿಳಿಸಿದರು: ಸತ್ತವನು ಇವನ ಬಾಮೈದ, ಇಂಗ್ಲಿಷ್‌ನಲ್ಲಿ ಇವನನ್ನು ಮೀರಿಸುವವರು ಇಲ್ಲಿ ಇಲ್ಲ, ಮನೆಯವರ ಒತ್ತಾಯಕ್ಕೆ ಈಗ ಮಾತು ಬದಲಿಸುತ್ತಿದ್ದಾನೆ. ಹೇಳಿ ಮುಗಿಸಿ ಮ್ಯಾನೇಜರ್ ನನ್ನ ಕಡೆ ನೋಡಿದ. "ನಿಮ್ಮ ದುಃಖ ನಂಗೆ ಅರ್ಥ ಆಗುತ್ತಮ್ಮಾ. ಬನ್ನಿ, ಸಾಹೇಬರ ಎದುರಿಗೇ ನೋಡ್ಬಿಡೋಣ, ಗಂಟೆ ಹೊಡಿಯುತ್ತೋ ಇಲ್ವೋ ಅಂತ."

ನೆಲಮಾಳಿಗೆಯ ಮೆಟ್ಟಿಲ ಬಾಯಲ್ಲಿ ಪೆಟ್ಟಿಗೆಯ ಹಸಿರು ದೀಪ ಚೆನ್ನಾಗಿ ಉರಿಯುತ್ತಿತ್ತು. ಪೆಟ್ಟಿಗೆಯ ಹಿಂದೆ ಹೊಸ ವೈರು ಹೊಳೆಯುತ್ತಿತ್ತು. ನಮ್ಮ ಹುಡುಗನನ್ನು ಮಣ್ಣು ಮಾಡಿ ಬಂದ ಮೇಲೆ ರಿಪೇರಿ ಮಾಡಿಸಲು ಪುರುಸೊತ್ತು ಸಿಕ್ಕಿತ್ತು. ಮ್ಯಾನೇಜರ್ ಪರೀಕ್ಷೆಯ ಗುಂಡಿ ಒತ್ತಿದ.

ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಕೆಳಗಿನದು ಒಂದು, ಮೇಲೆ ಚಾವಣಿಯ ಮೇಲಿನದು ಇನ್ನೊಂದು, ಎರಡೂ ಒಟ್ಟಿಗೆ. ನೆಲ ನಡುಗಿತು. ಬಾಟಲಿ ತುಂಬುವ ಕಡೆ ಯಂತ್ರಗಳು ಒಂದೊಂದಾಗಿ ನಿಂತವು. ಕೆಲಸದವರು ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದು ಮೇಲೆ ಕೆಳಗೆ ನೋಡಿದರು.

"ಏನ್ರೀ ಅದು ಸದ್ದು?" ಎಂದ ಒಬ್ಬ.

"ಎಲ್ಲಿಂದ ಬರ್ತಿದೆ?" ಎಂದ ಇನ್ನೊಬ್ಬ.

"ಯಾವತ್ತೂ ಕೇಳಿಲ್ವಲ್ಲ ಇದನ್ನ," ಎಂದ ಗೇಟಿನ ಮುದುಕ, ಕಾರ್ಖಾನೆ ಕಟ್ಟಿದಾಗಿನಿಂದ ಅಲ್ಲೇ ಇರುವವನು.

ಬೆಳಿಗ್ಗೆಯಿಂದ ಹೊಡೆದುಕೊಂಡಿತಂತಲ್ಲ ಆವತ್ತು, ಎಲ್ಲರಿಗೂ ಗೊತ್ತಿತ್ತಂತಲ್ಲ. ಅದೇ ಎಲ್ಲರೂ ಅಲ್ಲಿ ನಿಂತು ಇದೇನು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅಧಿಕಾರಿಯ ಕಿವಿಯ ಪಕ್ಕದಲ್ಲೇ ಸತ್ಯವನ್ನು ಕೂಗಿ ಹೇಳುತ್ತಿದ್ದರು, ಅವನಿಗೆ ಆ ಭಾಷೆ ಬರದು. ಗಂಟೆ ಕೇಳಿ ಎಲ್ಲರೂ ಶಿಸ್ತಾಗಿ ಹೊರಗೆ ಬಂದರಲ್ಲ ಎಂದು ಅವನು ಮೆಚ್ಚಿಕೊಂಡು ತಲೆದೂಗಿದ.

"ಹೇಳ್ರೀ ಅವರಿಗೆ, ಇವರು ಏನ್ ಕೇಳ್ತಿದ್ದಾರೆ ಅಂತ ಹೇಳ್ರೀ," ಎಂದು ಇವರ ಬೆನ್ನಿಗೆ ಗುದ್ದಿದೆ.

ಇವರು ಹೇಳಿದರು. ಗಂಟೆಯ ಸದ್ದಿಗಿಂತ ಗಟ್ಟಿಯಾಗಿ ಹೇಳಿದರು. "ಸರ್, ದೇ ಆಸ್ಕ್, ವಾಟ್ ಈಸ್ ದಿಸ್ ಸೌಂಡ್. ನೋಬಡಿ ಹರ್ಡ್ ಬಿಫೋರ್." ಅಧಿಕಾರಿ ಕೇಳಿಸುತ್ತಿಲ್ಲ ಎಂದು ಕಿವಿ ಮುಟ್ಟಿ ತೋರಿಸಿದ. ಮತ್ತೆ ಹೇಳಿದರು. ಮ್ಯಾನೇಜರ್ ಗುಂಡಿ ಬಿಟ್ಟು ಅಧಿಕಾರಿಯ ತೋಳು ಹಿಡಿದು ಏನೋ ಹೇಳುತ್ತ ಕಾರಿನ ಕಡೆ ಕರೆದುಕೊಂಡು ಹೋದ. ಸದ್ದು ನಿಂತಿತು. ಇವರು ಮೂರನೆಯ ಸಲ ಹೇಳಿದಾಗ ಕಾರಿನ ಬಾಗಿಲು ಹಾಕಿಯಾಗಿತ್ತು.

"ಆಯ್ತು, ಕೆಲ್ಸ ನೋಡ್ಕೊಳ್ಳಿ," ಎಂದ ಮ್ಯಾನೇಜರ್ ಎಲ್ಲರಿಗೂ. ಇವರಿಗೆ ಮಾತ್ರ ಹತ್ತಿರ ಬಂದು, "ನಾಳೆಯಿಂದ ಬರ್ಬೇಡ," ಎಂದ.

ಮನೆಗೆ ಬಂದಾಗ ಅಮ್ಮ ಹಿತ್ತಲ ಮೆಟ್ಟಿಲ ಮೇಲೆ ಎಂದಿನಂತೆ ಕೂತಿದ್ದಳು. ಇವರು ನನ್ನನ್ನು ಹಿಂದೆ ಬಿಟ್ಟು ಹೋಗಿ ಅವಳ ಕಾಲ ಬುಡದಲ್ಲಿ ನೆಲದ ಮೇಲೆ ಕೂತರು.

"ಅತ್ತೆ, ಆವತ್ತು ಗಂಟೆ ಹೊಡೀಲಿಲ್ಲ. ಹೊಡೀತು ಅಂತ ನಾನು ತಪ್ಪು ಹೇಳ್ದೆ. ನಂಗೆ ಇಂಗ್ಲಿಷ್ ಬರಲ್ಲ."

ಆ ಮಾತು ಹೇಳಲು ಇವರಿಗೆ ಏನು ಖರ್ಚಾಯಿತು ಎಂದು ನನಗೆ ಗೊತ್ತು. ಅಮ್ಮ ಇವರ ತಲೆ ಸವರಿದಳು. "ನಿಮಗೆ ಬರ್ದೆ ಇನ್ಯಾರಿಗೆ ಬರುತ್ತೆ? ನನ್ನ ಸಮಾಧಾನಕ್ಕೆ ಹೇಳ್ತೀರಿ. ಬಿಡಿ," ಎಂದಳು. ಇವರು ಇಷ್ಟು ದಿನ ಎದೆಯುಬ್ಬಿಸಿ ಸಂಪಾದಿಸಿದ ಹೆಸರು ಈಗ ಬೇಡವೆಂದರೂ ಬಿಡುತ್ತಿಲ್ಲ.

ಅಮ್ಮನೇ ಕೇಳಿದಳು. "ಏನೇ ಅದು, ಆಗ್ಲೇ ಫ್ಯಾಕ್ಟರೀಲಿ ಅಷ್ಟು ಜೋರಾಗಿ ಬಡ್ಕೊಂಡಿದ್ದು? ಎದೆ ಝಲ್ ಅಂತು ನಂಗೆ."

ನಾನು ಅವಳ ಪಕ್ಕದಲ್ಲಿ ಕೂತೆ. "ಅದೇ ಅಮ್ಮ, ಆ ಗಂಟೆ. ಇವತ್ತು ಹೊಡ್ಸಿ ತೋರಿಸಿದ್ರು."

"ನೆಲಮಾಳಿಗೇದಾ? ಇಷ್ಟು ದೊಡ್ಡದಾ ಅದು?"

"ಹೂಂ. ಆವತ್ತು ನೀನು ಎಲ್ಲಿದ್ದೆ, ಮಧ್ಯಾಹ್ನ?"

"ಇಲ್ಲೇ." ಅಮ್ಮ ಕೂತಿದ್ದ ಮೆಟ್ಟಿಲನ್ನು ಮುಟ್ಟಿ ತೋರಿಸಿದಳು. "ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೆ. ಬೈದು ಕಳ್ಸಿದ್ನಲ್ಲ, ಊಟಕ್ಕೆ ಬರ್ತಾನೋ ಇಲ್ವೋ ಅಂತ ಕಿವಿ ಎಲ್ಲ ಆ ಕಡೇಗೇ..."

ಅಮ್ಮ ಗೋಡೆಯನ್ನೇ ನೋಡಿದಳು. ಆಚೆ ಬಾಟಲಿಗಳು ತಾಗುವ ಸದ್ದು ಮತ್ತೆ ಶುರುವಾಗಿತ್ತು, ಅಷ್ಟು ಸಣ್ಣ ಸದ್ದೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಕೇಳ್ಸಿತಾ ಅಮ್ಮ, ಆವತ್ತು?"

"ಇಲ್ಲ," ಎಂದಳು. ಮತ್ತೆ ಹೇಳಿದಳು, "ಇಲ್ಲ. ಏನೂ ಕೇಳಿಸ್ಲಿಲ್ಲ."

ಅವಳು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬಳೆ ಚರ್ಮಕ್ಕೆ ಒತ್ತಿತು. "ಹಂಗಾದ್ರೆ ನನ್ನ ಮಗ ಸಾಯಕ್ಕೆ ಇಳೀಲಿಲ್ಲ. ಗೊತ್ತಿದ್ದೂ ಕಳ್ಸಿ ಸಾಯಿಸಿದ್ರು."

"ಹೌದಮ್ಮ."

ಅಮ್ಮ ಇವರ ಕಡೆ ತಿರುಗಿದಳು. "ಸಾಯಿಸಿದ್ರು ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?"

"ಒಂದೇ ಪದ ಅತ್ತೆ," ಎಂದರು ಇವರು ನೆಲ ನೋಡುತ್ತ. "ಅದಕ್ಕೆ ಬಾಲ ಬೇಕಾಗಿಲ್ಲ."

"ಅದನ್ನ ಹೇಳ್ಬೇಕಿತ್ತು ನೀವು."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗಾಡಿದಳು. ಸೆರಗು ತೆಗೆದು ನನ್ನ ಮುಖವನ್ನು ಮಗುವಿನ ಮುಖ ನೋಡುವ ಹಾಗೆ ನೋಡಿದಳು. "ಊಟಕ್ಕೆ ಬರ್ತೀನಿ ಅಂದಿದ್ನಲ್ಲೇ," ಎಂದಳು. "ಬರೋನೇ ಇದ್ದ ಕಣೆ ಅವನು." ಆಮೇಲೆ ಅವನು ಹೋದ ದಿನವೂ ಅಳದಷ್ಟು ಜೋರಾಗಿ ಅತ್ತಳು. ಅಕ್ಕಪಕ್ಕದವರೆಲ್ಲ ಹಿತ್ತಲಿಗೆ ಬಂದು ನಿಂತರು.